ಎರೆನಾಡಿನ ಗುಡಾರ ಕಡಲ ದಂಡೆಯಲ್ಲಿ

ಧಾರವಾಡ ಜಿಲ್ಲೆಗೆ ಸಮುದ್ರವಿಲ್ಲ. ನವಲಗುಂದದ ಗುಡ್ಡವನ್ನೇರಿ ಯಾವ ದಿಕ್ಕಿಗೆ ನೋಡಿದರೂ ಕಾಣುವುದು ಎರೆಹೊಲ. ಕಡಲೆ, ಬಿಳಿಜೋಳ, ಹತ್ತಿ, ದಾರಿಯ ಮಗ್ಗುಲಿನ ಜಾಲಿಗಿಡ. ಆದರೂ ಹಿಂಗಾರಿ ಬೆಳೆ ಮೈದುಂಬಿ ನಿಂತ ಮೇಲೆ, ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾದ ಮೇಲೆ, ಯಾವುದಾದರೊಂದು ಶನಿವಾರದ ಸಂಜೆ ಗೋಕರ್ಣದ ಕಡಲ ದಂಡೆಯಲ್ಲಿ ಕಿವಿಗೊಟ್ಟು ನಿಂತರೆ ಕೇಳಿಬರುವ ಮಾತಿನಲ್ಲಿ ಒಂದು ಪಾಲು ಈ ಕಡೆಯದೇ. “ಏ ತಮ್ಮಾ, ಆ ತುದಿ ಜಗ್ಗಿ ಹಿಡಿ.” “ಯವ್ವಾ, ಬುತ್ತಿ ಗಂಟು ಎಲ್ಲೈತಿ?” ಕುಂದಗೋಳದವರು, ಅಣ್ಣಿಗೇರಿಯವರು, ಕಲಘಟಗಿಯವರು ಟೆಂಪೊದಿಂದ ಇಳಿದು, ನೀರಿಗೆ ಆದಷ್ಟು ಹತ್ತಿರದ ಜಾಗ ಹುಡುಕಿ ತಾಡಪತ್ರಿ ಬಿಚ್ಚತೊಡಗುತ್ತಾರೆ.

ಅಮಾವಾಸ್ಯೆಯ ಅಥವಾ ಹುಣ್ಣಿಮೆಯ ಆಸುಪಾಸಿನ ದಿನವಾಗಿದ್ದರೆ ಆ ಸಂಜೆ ದಂಡೆ ಬಲು ವಿಶಾಲವಾಗಿ ಕಾಣುತ್ತದೆ. ನೀರು ದೂರ ಸರಿದಿರುತ್ತದೆ. ಒದ್ದೆ ಮರಳು ಅಂಗಳ ಸಾರಿಸಿದ ಹಾಗೆ ಗಟ್ಟಿಯಾಗಿ, ಮಟ್ಟಸವಾಗಿ ಇರುತ್ತದೆ. ಗುಡಾರ ಹೂಡಲು ಇದಕ್ಕಿಂತ ಒಳ್ಳೆಯ ಜಾಗ ಉಂಟೇ ಎನಿಸುತ್ತದೆ. ಬಲೆ ಹೊತ್ತು ಹೋಗುವ ಮೀನುಗಾರನೊಬ್ಬ ನಿಂತು, “ಅಲ್ಲಿ ಬೇಡ ಮಾರಾಯ್ರೆ, ರಾತ್ರಿ ನೀರು ಬತ್ತದೆ” ಎಂದರೆ ಬಯಲುಸೀಮೆಯ ಹಿರಿಯರು ನಗುತ್ತಾರೆ. ನೀರು ಅಷ್ಟು ದೂರ ಇದೆ, ಮೋಡವಿಲ್ಲ, ಮಳೆಯಿಲ್ಲ, ಎಲ್ಲಿಂದ ಬರಬೇಕು? ನಡುರಾತ್ರಿಯ ಹೊತ್ತಿಗೆ ಅದು ಬರುತ್ತದೆ. ಚಪ್ಪಲಿ, ಪಾತ್ರೆ, ಮಕ್ಕಳ ಚೀಲ ಮೊದಲು ತೇಲುತ್ತವೆ. ಮಲಗಿದವರು ಎದ್ದು, ಹೊದ್ದ ಕೌದಿಯನ್ನು ಹಿಂಡಿಕೊಳ್ಳುತ್ತ ಮೇಲಕ್ಕೆ ಓಡುತ್ತಾರೆ.

ಇವರೇನೂ ಬಯಲಲ್ಲಿ ಮಲಗಿ ಗೊತ್ತಿಲ್ಲದವರಲ್ಲ. ಗುಡಾರದ ವಾಸ್ತವ್ಯ ಈ ತಾಲ್ಲೂಕುಗಳ ಜನರಿಗೆ ಪೇಟೆಯ ಹುಡುಗರಿಗಿಂತ ಚೆನ್ನಾಗಿ ಗೊತ್ತು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಕೊಲ್ಲಾರಿ ಬಂಡಿಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕಮಾನಿನ ಮೇಲ್ಚಾವಣಿ, ಒಳಗೆ ಹುಲ್ಲಿನ ಹಾಸಿಗೆ, ಅದರ ಮೇಲೆ ಕೌದಿ, ಮೂಲೆಯಲ್ಲಿ ರೊಟ್ಟಿಯ ಬುಟ್ಟಿ, ಗಾಲಿಯ ಅಚ್ಚಿಗೆ ಕಟ್ಟಿದ ನೀರಿನ ಕೊಡ. ವಿದೇಶಗಳಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಇರುವ ಮೋಟಾರು ವಾಹನಕ್ಕೆ ‘ಕ್ಯಾರವಾನ್’ ಎಂದು ಹೆಸರಿಟ್ಟು ಅಭಿಮಾನ ಪಡುತ್ತಾರೆ. ಎತ್ತು ಹೂಡಿದ ಕ್ಯಾರವಾನು ಈ ನಾಡಿನಲ್ಲಿ ಎಂದಿನಿಂದಲೋ ಇದೆ. ಈಗ ಅದರ ಜಾಗಕ್ಕೆ ಹೆಚ್ಚಾಗಿ ಟ್ರ್ಯಾಕ್ಟರಿನ ಟ್ರೇಲರು ಬಂದಿದೆ. ಬಿದಿರಿನ ಕಮಾನಿಗೆ ತಾಡಪತ್ರಿ ಕಟ್ಟಿದರೆ ಆಯಿತು. ಗುಡ್ಡದ ಇಳಿಜಾರಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಎತ್ತಿಗೆ ಮೇವು ಹಾಕಿ, ಚುಕ್ಕಿ ನೋಡುತ್ತ ಮಲಗುವ ವಿದ್ಯೆಯನ್ನು ಯಾರೂ ಅವರಿಗೆ ಕಲಿಸಬೇಕಾಗಿಲ್ಲ.

ಗುಡ್ಡ ಇದ್ದಲ್ಲೇ ಇರುತ್ತದೆ, ಸಮುದ್ರ ಹಾಗಲ್ಲ. ಗುಡಾರ ಗೊತ್ತಿದ್ದೂ ದಂಡೆ ಗೊತ್ತಿಲ್ಲದ್ದರಿಂದಲೇ ತೊಂದರೆಯಾಗುತ್ತಿದೆ.

ಹತ್ತಿಯ ಬಂಡಿಯ ದಾರಿ

ಒಂದು ಕಾಲಕ್ಕೆ ಈ ಊರುಗಳಿಗೆ ದಂಡೆಯ ಪರಿಚಯವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಬೆಳೆದದ್ದು ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಯಲ್ಲಿ; ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು ಮಾತ್ರ ‘ಕುಮಟಾ ಹತ್ತಿ’. ಹತ್ತಿಯ ತಳಿಗಳ ಬಗ್ಗೆ ಬರೆದ ಹಳೆಯ ಪುಸ್ತಕಗಳಲ್ಲಿ ಈಗಲೂ ಆ ಹೆಸರು ಸಿಗುತ್ತದೆ. ಒಂದು ಗಿಡವೂ ಬೆಳೆಯದ ಊರಿನ ಹೆಸರು ಬೆಳೆಗೆ ಅಂಟಿಕೊಂಡಿತು ಎಂಬುದು ವಿಚಿತ್ರವೇ ಸರಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ಈ ಹತ್ತಿಗೆ ಬಂಗಾರದ ಬೆಲೆ ಬಂತು.

ನವಲಗುಂದದಿಂದ ಕುಮಟಾಕ್ಕೆ ಸುಮಾರು 200 ಕಿಲೋಮೀಟರು. ತುಂಬಿದ ಬಂಡಿ ದಿನಕ್ಕೆ 20–25 ಕಿಲೋಮೀಟರು ಸಾಗಿದರೂ ಹೋಗಲಿಕ್ಕೇ ಎಂಟು ಹತ್ತು ದಿನ, ಬರಲಿಕ್ಕೆ ಅಷ್ಟೇ ದಿನ. ಅಷ್ಟೂ ರಾತ್ರಿಗಳು ಬಯಲಲ್ಲೇ. ಮರಳುವಾಗ ಬಂಡಿಯಲ್ಲಿ ಉಪ್ಪು, ತೆಂಗಿನಕಾಯಿ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಇಂದಿಗೂ ಸಮುದ್ರದ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೆ ಒಣಗಿಸಿ ಹರಳುಪ್ಪು ತೆಗೆಯುತ್ತಾರೆ. ಪ್ರವಾಸಕ್ಕೆ ಹೋದ ಮಕ್ಕಳು ಅದನ್ನು ತಪ್ಪದೆ ನೋಡಬೇಕು; ಪಾಠದಲ್ಲಿ ಓದಿದ ಆವಿಯಾಗುವಿಕೆ, ಸ್ಫಟಿಕೀಕರಣ ಎರಡೂ ಅಲ್ಲಿ ಎಕರೆಗಟ್ಟಲೆ ಹರಡಿಕೊಂಡಿವೆ. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದ ಮೇಲೆ ಹತ್ತಿ ರೈಲು ಹತ್ತಿತು. ಬಂಡಿಯ ದಾರಿ ಬರಿದಾಯಿತು. ಸಮುದ್ರದ ಉಬ್ಬರ ಇಳಿತಗಳನ್ನು ಬಲ್ಲ ಬಂಡಿಕಾರರ ತಲೆಮಾರೂ ಮುಗಿಯಿತು.

ಈಗಿನ ಪ್ರಯಾಣ ಮೂರ್ನಾಲ್ಕು ತಾಸಿನದು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಗೋಕರ್ಣ. ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಎನ್ನುತ್ತಿದ್ದ ಈ ರಸ್ತೆಗೆ ಈಗ 52ರ ಸಂಖ್ಯೆ. ಕಲಘಟಗಿ ದಾಟುತ್ತಿದ್ದಂತೆ ಕರಿಮಣ್ಣು ಕೆಂಪಾಗುತ್ತದೆ, ಜೋಳದ ಜಾಗಕ್ಕೆ ಬತ್ತ ಬರುತ್ತದೆ, ಗಾಳಿಗೆ ತಂಪು ಬರುತ್ತದೆ. ಕಿಟಕಿಯ ಪಕ್ಕ ಕುಳಿತ ಮಕ್ಕಳಿಗೆ ಇಲ್ಲೊಂದು ಪ್ರಶ್ನೆ ಕೇಳಬಹುದು: ಧಾರವಾಡ ಜಿಲ್ಲೆಯ ಮೇಲೆ ಬಿದ್ದ ಮಳೆ ಯಾವ ಸಮುದ್ರಕ್ಕೆ ಹೋಗುತ್ತದೆ?

ಎರಡಕ್ಕೂ ಹೋಗುತ್ತದೆ. ಕುಂದಗೋಳ, ನವಲಗುಂದದ ನೀರು ಬೆಣ್ಣಿಹಳ್ಳದಲ್ಲಿ ಹರಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಮಾತ್ರ ಕಲಘಟಗಿಯ ಕಡೆ ಹರಿದು ಬೇಡ್ತಿಯನ್ನು ಕೂಡುತ್ತಾಳೆ. ಬೇಡ್ತಿ ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಕಂದರಕ್ಕೆ ಧುಮುಕಿ, ಗಂಗಾವಳಿ ಎಂಬ ಹೆಸರು ಪಡೆದು, ಗೋಕರ್ಣದ ಉತ್ತರಕ್ಕೆ ಅರಬ್ಬಿ ಸಮುದ್ರ ಸೇರುತ್ತಾಳೆ. ಕಲಘಟಗಿಯ ಹುಡುಗ ಗೋಕರ್ಣದಲ್ಲಿ ಒಂದು ಹಿಡಿ ಮರಳೆತ್ತಿಕೊಂಡರೆ ಅದರಲ್ಲಿ ತನ್ನ ಊರಿನ ಹಳ್ಳದ ಕಲ್ಲು ಸವೆದ ನಾಲ್ಕು ಕಣಗಳೂ ಇದ್ದಾವು.

ಗೋಡೆಯ ಮೇಲಿನ ಪಂಚಾಂಗ

ಮತ್ತೆ ಆ ನಡುರಾತ್ರಿಯ ನೀರಿಗೆ ಬರೋಣ. ಅದು ಎಲ್ಲಿಂದ ಬಂತು?

ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಸಮುದ್ರದ ನೀರು ಏರಿ ಇಳಿಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ. ಹಾಗಾಗಿ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗುತ್ತದೆ. ಎರಡು ಉಬ್ಬರಗಳ ಎತ್ತರವೂ ಒಂದೇ ಅಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಆ ದಿನಗಳಲ್ಲಿಯೂ ಅದರ ಮರುದಿನಗಳಲ್ಲಿಯೂ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಇಷ್ಟು ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ.

ಪುಸ್ತಕದಲ್ಲಿ ಇಲ್ಲದ್ದು ಮುಂದಿನ ಲೆಕ್ಕ. ಉತ್ತರ ಕನ್ನಡದ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ದೊಡ್ಡ ಇಳಿತ ಬರುವುದು ಸಂಜೆ ಸೂರ್ಯ ಮುಳುಗುವ ಹೊತ್ತಿನ ಹಿಂದೆಮುಂದೆ. ದೊಡ್ಡ ಉಬ್ಬರ ಬರುವುದು ನಡುರಾತ್ರಿಯ ಹಿಂದೆಮುಂದೆ. ಅಂದರೆ ಪ್ರವಾಸಿಗರು ಬಂದು ಜಾಗ ಹುಡುಕುವ ಹೊತ್ತಿಗೆ ದಂಡೆ ಅತಿ ವಿಶಾಲವಾಗಿಯೂ, ಅವರು ಗಾಢ ನಿದ್ರೆಗೆ ಜಾರಿದ ಹೊತ್ತಿಗೆ ಅತಿ ಕಿರಿದಾಗಿಯೂ ಇರುತ್ತದೆ. ಬೇಕೆಂದು ಮೋಸ ಮಾಡಿದರೂ ಇಷ್ಟು ಅಚ್ಚುಕಟ್ಟಾಗಿ ಆಗಲಾರದು. ನೀರು ಏರುವುದು ಒಂದೂವರೆ ಮೀಟರಿನಷ್ಟೇ ಎಂದಿಟ್ಟುಕೊಳ್ಳಿ. ಇಪ್ಪತ್ತು ಮೀಟರು ನಡೆದರೆ ಒಂದು ಮೀಟರು ಏರುವಂಥ ಇಳುಕಲು ದಂಡೆಯಲ್ಲಿ ಆ ನೀರು ಮುಂದೆ ಬರುವುದು 30 ಮೀಟರು. ಎರಡು ಕಬಡ್ಡಿ ಅಂಕಣಗಳನ್ನು ಉದ್ದಕ್ಕೆ ಜೋಡಿಸಿದರೂ ಮಿಗುವಷ್ಟು.

ಗೋಕರ್ಣಕ್ಕೆ ಅತಿ ಹೆಚ್ಚು ಜನ ಸೇರುವುದು ಶಿವರಾತ್ರಿಗೆ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ, ಅಮಾವಾಸ್ಯೆಯ ಹಿಂದಿನ ದಿನ. ವರ್ಷದ ಎಷ್ಟೋ ರಾತ್ರಿಗಳನ್ನು ಬಿಟ್ಟು ದೊಡ್ಡ ಉಬ್ಬರದ ರಾತ್ರಿಗಳಲ್ಲಿಯೇ, ಚಂದ್ರನ ಬೆಳಕಿಲ್ಲದ ಕತ್ತಲೆಯಲ್ಲಿಯೇ ಬಯಲುಸೀಮೆಯ ಸಾವಿರಾರು ಜನ ಮರಳಿನ ಮೇಲೆ ಮಲಗುತ್ತಾರೆ. ಯಲ್ಲಮ್ಮನ ಗುಡ್ಡದ ರೂಢಿಯಂತೆ ಹುಣ್ಣಿಮೆ ನೋಡಿ ಹೊರಟವರಿಗೂ ಇದೇ ಗತಿ.

ಇದಕ್ಕೆ ಪರಿಹಾರವೂ ಮನೆಯಲ್ಲಿಯೇ ಇದೆ. ಕೂರಿಗೆ ಹೂಡುವುದಕ್ಕೆ, ಎತ್ತಿಗೆ ಬಿಡುವು ಕೊಡುವುದಕ್ಕೆ ಅಮಾವಾಸ್ಯೆ ನೋಡುವ ರೈತನ ಮನೆಯ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರು ತೂಗಾಡುತ್ತಿರುತ್ತದೆ. ಅದೇ ಕ್ಯಾಲೆಂಡರು ಸಮುದ್ರದ ವೇಳಾಪಟ್ಟಿಯೂ ಹೌದು. ಅಷ್ಟಮಿಯ ಆಚೀಚೆಯ ದಿನ ಹೋದರೆ ಲೆಕ್ಕ ತಿರುಗುತ್ತದೆ. ಏಳು ದಿನಕ್ಕೆ ದಿನವೊಂದಕ್ಕೆ 50 ನಿಮಿಷದಂತೆ ಸುಮಾರು ಆರು ತಾಸು ಸರಿದು, ಉಬ್ಬರ ಸಂಜೆಗೆ ಬರುತ್ತದೆ, ಇಳಿತ ನಡುರಾತ್ರಿಗೆ. ಸಂಜೆ ಕಂಡ ನೀರಿನ ಗೆರೆ ರಾತ್ರಿ ಹಿಂದೆ ಸರಿಯುತ್ತದೆ, ಉಬ್ಬರವೂ ಚಿಕ್ಕದು. ಮಕ್ಕಳಿರುವ ಗುಂಪಿಗೆ ಅದೇ ಸರಿಯಾದ ದಿನ. ಭಾರತ ಸರ್ಕಾರದ ಸರ್ವೆ ಇಲಾಖೆ ಬಂದರುಗಳ ಉಬ್ಬರವಿಳಿತದ ಪಟ್ಟಿಯನ್ನು ವರ್ಷಕ್ಕೆ ಮೊದಲೇ ಪ್ರಕಟಿಸುತ್ತದೆ. ಕಾರವಾರದ ಪಟ್ಟಿಯನ್ನು ನೋಡಿದರೆ ತಾಸು, ನಿಮಿಷಗಳೇ ಸಿಗುತ್ತವೆ.

ಪಟ್ಟಿ ಸಿಗದಿದ್ದರೆ ದಂಡೆಯನ್ನೇ ಓದಬೇಕು. ಸಮುದ್ರ ತಾನು ಎಲ್ಲಿಯವರೆಗೆ ಬಂದಿದ್ದೆ ಎಂಬುದನ್ನು ಕಸದ ಗೆರೆಯಿಂದ ಬರೆದಿಟ್ಟು ಹೋಗಿರುತ್ತದೆ: ಒಣಗಿದ ಪಾಚಿ, ಚಿಪ್ಪು, ತೆಂಗಿನ ಸಿಪ್ಪೆ, ಈಗೀಗ ಪ್ಲಾಸ್ಟಿಕ್ ಬಾಟಲಿಯೂ. ಗೆರೆ ಎರಡಿದ್ದರೆ ಮೇಲಿನದನ್ನು ನಂಬಬೇಕು, ಅದಕ್ಕಿಂತ ಇನ್ನೂ ಹತ್ತು ಹೆಜ್ಜೆ ಮೇಲೆ ಹೋಗಬೇಕು. ಆಡಿನ ಗೊರಸಿನಂಥ ಎಲೆಯ, ನೇರಳೆ ಬಣ್ಣದ ಹೂವಿನ ಬಳ್ಳಿಯೊಂದು ಮರಳಿನ ಮೇಲೆ ಹಬ್ಬಿರುವುದು ಕಂಡರೆ ನೀರು ಅಲ್ಲಿಗೆ ದಿನವೂ ಬರುವುದಿಲ್ಲ ಎಂದು ಅರ್ಥ. ಬಳ್ಳಿಯನ್ನು ಕಿತ್ತು ಜಾಗ ಮಾಡಿಕೊಳ್ಳಬಾರದು. ಮರಳು ಹಾರಿಹೋಗದಂತೆ ಹಿಡಿದಿಟ್ಟಿರುವುದೇ ಅದು.

ಗೂಟ, ಗಾಳಿ, ನೀರು, ರೊಟ್ಟಿ

ಎರೆಮಣ್ಣು ಒಣಗಿದಾಗ ಗೂಟವನ್ನು ಇಕ್ಕಳದಂತೆ ಹಿಡಿಯುತ್ತದೆ. ಮರಳಿಗೆ ಆ ಗುಣವಿಲ್ಲ. ಎರೆಯ ಕಣಗಳು ಅತಿ ಸಣ್ಣವು, ಒಂದಕ್ಕೊಂದು ಅಂಟುವಂಥವು. ಮರಳಿನ ಕಣಗಳು ದಪ್ಪ, ಒಂದರ ಮೇಲೊಂದು ಉರುಳುವಂಥವು. ಸುತ್ತಿಗೆಯಿಂದ ಬಡಿದ ಗೂಟ ಒಂದೇ ಜೋರು ಗಾಳಿಗೆ ಕಿತ್ತು ಬರುತ್ತದೆ. ಇದಕ್ಕೆ ಖಾಲಿ ಗೊಬ್ಬರದ ಚೀಲವೇ ಮದ್ದು. ಚೀಲದಲ್ಲಿ ಮರಳು ತುಂಬಿ, ಬಾಯಿ ಬಿಗಿದು, ಹಗ್ಗ ಕಟ್ಟಿ, ಮೊಣಕೈ ಆಳದ ಗುಂಡಿಯಲ್ಲಿ ಅಡ್ಡಲಾಗಿ ಹೂತರೆ ಅದನ್ನು ಎಳೆಯಬೇಕಾದರೆ ಮೇಲಿನ ಮರಳನ್ನೆಲ್ಲ ಎತ್ತಬೇಕಾಗುತ್ತದೆ. ಸಾವಿರಾರು ರೂಪಾಯಿಯ ಗುಡಾರ ತಂದವರ ಗೂಟ ಕಿತ್ತುಹೋದಾಗ ಯೂರಿಯಾ ಚೀಲದ ಮೇಲೆ ನಿಂತ ತಾಡಪತ್ರಿ ಅಲುಗದೆ ಇರುವುದುಂಟು. ಹೊರಡುವಾಗ ಮರಳು ಸುರುವಿ ಚೀಲ ಮಡಚಿಕೊಂಡು ಬರಬೇಕು, ಅಷ್ಟೆ.

ಗಾಳಿಗೂ ಒಂದು ಗಡಿಯಾರವಿದೆ. ಒಂದು ಗ್ರಾಂ ನೀರನ್ನು ಕಾಯಿಸಲು ಬೇಕಾಗುವ ಶಾಖ, ಒಂದು ಗ್ರಾಂ ಒಣ ಮರಳಿಗೆ ಬೇಕಾದುದರ ನಾಲ್ಕೈದು ಪಟ್ಟು. ಹಗಲು ನೆಲ ಬೇಗ ಕಾದು ಅಲ್ಲಿಯ ಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ. ಗಾಳಿ ತಿರುಗಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಹಾಯಿಯ ದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿನ ಈ ಗಾಳಿ ಹಿಡಿದು ಹೋಗಿ, ಮಧ್ಯಾಹ್ನದ ಗಾಳಿ ಹಿಡಿದು ಮರಳುತ್ತಿದ್ದರು. ಸಂಜೆ ಪಡುಗಾಳಿಗೆ ಬೆನ್ನು ಮಾಡಿ ಗುಡಾರದ ಬಾಯನ್ನು ಮೂಡಲಿಗೆ ಇಟ್ಟವರು ಬೆಳಗಿನ ಜಾವ ಮೂಡಗಾಳಿ ನೇರ ಒಳನುಗ್ಗಿದಾಗ ಏಳುತ್ತಾರೆ. ಬಾಯನ್ನು ಉತ್ತರಕ್ಕೋ ದಕ್ಷಿಣಕ್ಕೋ ಇಟ್ಟರೆ ಎರಡೂ ಗಾಳಿ ಮಗ್ಗುಲಿಗೆ ಹೋಗುತ್ತವೆ.

ನೀರಿನ ವಿಷಯ ನವಲಗುಂದದವರಿಗೆ ಹೇಳಬೇಕೆ! ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದರೂ ಅಲ್ಲಿಯ ಎಷ್ಟೋ ಕೊಳವೆಬಾವಿಗಳ ನೀರು ಸವಳು. ಕುಡಿಯಲು ಕೆರೆಯ ನೀರೇ ಗತಿ. ಅದೇ ಜನ ಗೋಕರ್ಣಕ್ಕೆ ಬಂದು, ಅಲೆಯ ಸದ್ದು ಕೇಳುವಷ್ಟು ಹತ್ತಿರದ ತೆಂಗಿನ ತೋಟದ ಬಾವಿಯಲ್ಲಿ ಸಿಹಿನೀರು ಕುಡಿದು ಬೆರಗಾಗುತ್ತಾರೆ. ಕಾರಣವಿದೆ. ಮಳೆ ಕಡಿಮೆ ಬೀಳುವ ಎರೆನಾಡಿನಲ್ಲಿ ಜೇಡಿಮಣ್ಣಿನ ಲವಣ ತೊಳೆದುಹೋಗುವುದಿಲ್ಲ. ಕರಾವಳಿಯಲ್ಲಿ ಜಡಿಮಳೆಯ ನೀರು ಮರಳಿನಲ್ಲಿ ಇಳಿದು, ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ ಒಂದು ಮೀಟರು ಮೇಲಿದ್ದರೆ ಕೆಳಗೆ ಸುಮಾರು 40 ಮೀಟರಿನವರೆಗೆ ಸಿಹಿನೀರೇ ಇರುತ್ತದೆ ಎಂಬುದು ಭೂಜಲ ವಿಜ್ಞಾನದ ಲೆಕ್ಕ. ಪಂಪು ಹಚ್ಚಿ ಬರಿದು ಮಾಡಿದರೆ ಉಪ್ಪುನೀರು ಅದೇ ಲೆಕ್ಕದಲ್ಲಿ ಮೇಲೇರುತ್ತದೆ. ಊರವರ ಬಾವಿಯಿಂದ ಕೇಳಿ ಕೊಡ ತುಂಬಿಕೊಳ್ಳುವುದು ಬೇರೆ, ಐವತ್ತು ಜನ ಅಲ್ಲಿ ಸ್ನಾನಕ್ಕೆ ನಿಲ್ಲುವುದು ಬೇರೆ.

ಇನ್ನು ರೊಟ್ಟಿ. ಊರಲ್ಲಿ ತಿಂಗಳುಗಟ್ಟಲೆ ಕಟುಮ್ಮೆನ್ನುವ ಖಡಕ್ ರೊಟ್ಟಿ ಕಡಲ ದಂಡೆಯಲ್ಲಿ ಒಂದು ರಾತ್ರಿ ತೆರೆದಿಟ್ಟರೆ ಬಟ್ಟೆಯಂತೆ ಮಡಚುತ್ತದೆ. ಗಾಳಿಯ ತೇವವನ್ನು ಅದು ಹೀರಿಕೊಳ್ಳುವುದೇ ಕಾರಣ. ಬೆಳಿಗ್ಗೆ ಅವ್ವಂದಿರು ಇದನ್ನು ಕಂಡು, “ಇಲ್ಲಿ ಗಾಳಿನೂ ಹಸೀನ ಐತಿ ನೋಡ್” ಎನ್ನುವುದಕ್ಕಿಂತ ಚೆನ್ನಾಗಿ ಆರ್ದ್ರತೆಯನ್ನು ವಿವರಿಸುವುದು ಕಷ್ಟ. ಬುಟ್ಟಿಗೆ ಬದಲು ಬಿಗಿ ಮುಚ್ಚಳದ ಡಬ್ಬಿ ಒಯ್ದರೆ ಶೇಂಗಾ ಚಟ್ನಿಯೊಡನೆ ಎರಡನೆಯ ದಿನವೂ ರೊಟ್ಟಿ ಕಟುಮ್ಮೆಂದೀತು.

ರಾತ್ರಿ ದಂಡೆಗೆ ಬರುವ ಇನ್ನೊಬ್ಬರು

ಚಳಿಗಾಲದ ರಾತ್ರಿಗಳಲ್ಲಿ ಉತ್ತರ ಕನ್ನಡದ ಕೆಲವು ದಂಡೆಗಳಿಗೆ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡು ಇದಕ್ಕೆ ಹೆಸರಾದದ್ದು. ಹೆಣ್ಣಾಮೆ ಕತ್ತಲಲ್ಲಿ ಮರಳಿನ ಮೇಲೆ ತೆವಳಿ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಸುಮಾರು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಮುಂದಿನ 45–60 ದಿನ ಕಾವು ಕೊಡುವುದು ಬಿಸಿಲಿಗೆ ಕಾದ ಮರಳು. ಮರಳಿನ ಉಷ್ಣತೆ ಹೆಚ್ಚಿದ್ದರೆ ಹೆಣ್ಣುಮರಿಗಳು, ಕಡಿಮೆಯಿದ್ದರೆ ಗಂಡುಮರಿಗಳು ಹೆಚ್ಚು. ಮರಿಗಳು ಹೊರಬಂದು ಬೆಳಕಿರುವ ಕಡೆಗೆ ನಡೆಯುತ್ತವೆ. ಎಂದಿನ ಕಾಲದಿಂದಲೂ ಆ ಬೆಳಕು ಕಡಲಿನದೇ ಆಗಿತ್ತು. ಈಗ ದಂಡೆಯ ಮೇಲೆ ಟ್ಯೂಬ್‌ಲೈಟು, ಬೆಂಕಿ, ವಾಹನದ ದೀಪ ಇದ್ದರೆ ಮರಿಗಳು ಅತ್ತ ನಡೆದು ಬೆಳಗಾಗುವ ಹೊತ್ತಿಗೆ ಸತ್ತಿರುತ್ತವೆ. ಮರಳಿನ ಮೇಲೆ ಜೀಪು ಓಡಿಸುವುದು ಹುಡುಗರಿಗೆ ಮೋಜು. ಆದರೆ ಚಕ್ರದ ಕೆಳಗೆ ಏನು ಹೂತಿದೆ ಎಂಬುದು ಕಾಣುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟದಲ್ಲಿ ಈ ಆಮೆಯ ಹೆಸರಿದೆ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಪ್ಯಾಡ್ರೆ ಐಲೆಂಡ್ ಎಂಬ ರಾಷ್ಟ್ರೀಯ ಕಡಲತೀರವಿದೆ. ಸುಮಾರು ನೂರು ಕಿಲೋಮೀಟರು ಉದ್ದದ ಮರಳು. ಅಲ್ಲಿ ಜನ ಕ್ಯಾರವಾನನ್ನು ದಂಡೆಯ ಮೇಲೆಯೇ ತಂದು ನಿಲ್ಲಿಸಿ, ಗುಡಾರ ಹೂಡಿ ಇರಬಹುದು. ನಲ್ಲಿಯಿಲ್ಲ, ವಿದ್ಯುತ್ತಿಲ್ಲ, ಪರವಾನಗಿಯ ಚೀಟಿ ಪಡೆಯಬೇಕು, ಒಮ್ಮೆಗೆ 14 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಮರಳದಿಬ್ಬಗಳ ಮೇಲೆ ಬಿಡಾರ ಹೂಡುವಂತಿಲ್ಲ. ಆಲಿವ್ ರಿಡ್ಲಿಯ ದಾಯಾದಿಯಾದ ಕೆಂಪ್ಸ್ ರಿಡ್ಲಿ ಆಮೆ ಮೊಟ್ಟೆಯಿಡುವುದು ಅದೇ ದಂಡೆಯಲ್ಲಿ. ಆ ಕಾಲದಲ್ಲಿ ಕಾವಲಿನವರು ದಂಡೆಯುದ್ದಕ್ಕೂ ತಿರುಗಿ ಮೊಟ್ಟೆ ಹುಡುಕಿ ಜೋಪಾನ ಮಾಡುತ್ತಾರೆ. ಗುಡಾರಕ್ಕೂ ಆಮೆಗೂ ಜಾಗವಿದೆ, ನಿಯಮ ಪಾಲಿಸಿದರೆ. ಅಲ್ಲಿಯ ಜನಸಂಖ್ಯೆಯನ್ನೂ ಇಲ್ಲಿಯದನ್ನೂ ಹೋಲಿಸಿ, ಇಲ್ಲಿ ಇನ್ನೂ ಬಿಗಿಯಾದ ನಿಯಮ ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ.

ಇಲ್ಲಿಯೂ ಎಲ್ಲ ದಂಡೆಗಳಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ. ಉಬ್ಬರದ ಗೆರೆಯಿಂದ ಒಳಗಿನ 500 ಮೀಟರು ಕರಾವಳಿ ನಿಯಂತ್ರಣ ವಲಯದ ಕಟ್ಟಳೆಗೆ ಸೇರಿದ್ದು; 1991ರಲ್ಲಿ ಬಂದ ಈ ಕಟ್ಟಳೆಯನ್ನು 2011 ಮತ್ತು 2019ರಲ್ಲಿ ಹೊಸದಾಗಿ ಹೊರಡಿಸಲಾಯಿತು. ಗುಡಾರ ಕಟ್ಟಡವಲ್ಲ ನಿಜ, ಆದರೂ ಊರಿನ ಪೊಲೀಸ್ ಠಾಣೆಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ಮೊದಲು ಕೇಳಿ, ಎಷ್ಟು ಜನ, ಎಷ್ಟು ಮಕ್ಕಳು ಎಂದು ಬರೆಸಿ ಹೋಗುವುದು ಕ್ಷೇಮ. ಗೋಕರ್ಣದ ಓಂ, ಕುಡ್ಲೆ ದಂಡೆಗಳಿಗೆ ರಸ್ತೆಯಿದೆ. ಅದರಾಚೆಯ ಹಾಫ್‌ಮೂನ್, ಪ್ಯಾರಡೈಸ್ ದಂಡೆಗಳಿಗೆ ಗುಡ್ಡ ಹತ್ತಿಳಿದು ನಡೆಯಬೇಕು, ಇಲ್ಲವೆ ದೋಣಿ. ರಾತ್ರಿ ಮಗುವಿಗೆ ಜ್ವರ ಬಂದರೆ ಅಲ್ಲಿಂದ ಹೊತ್ತುಕೊಂಡೇ ಬರಬೇಕು. ಶಾಲಾ ಮಕ್ಕಳ ಗುಂಪಿಗೆ ಅವು ತಕ್ಕ ಜಾಗಗಳಲ್ಲ.

ಬೆಳಗಿನ ಸ್ನಾನ

ಗುಡಾರದ ರಾತ್ರಿಗಿಂತ ಹೆಚ್ಚು ಅಪಾಯದ್ದು ಮರುದಿನದ ನೀರಾಟ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರಕ್ಕೆ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಅಲೆಗಳ ಪಾಲಾದರು. ಅವರೂ ಬಯಲುಸೀಮೆಯ ಮಕ್ಕಳು. ಕೆರೆ, ಕಾಲುವೆ ನೋಡಿ ಬೆಳೆದವರಿಗೆ ನೀರೆಂದರೆ ಆಳದ ಭಯ. ಮೊಣಕಾಲಿನವರೆಗಿನ ನೀರಿಗೆ ಯಾರೂ ಹೆದರುವುದಿಲ್ಲ. ಸಮುದ್ರದಲ್ಲಿ ಹೆದರಬೇಕಾದದ್ದು ಸೆಳವಿಗೆ.

ಅಲೆಗಳು ದಂಡೆಗೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ಅದು ಎಲ್ಲ ಕಡೆಯಿಂದ ಸಮನಾಗಿ ಹೋಗದೆ, ಮರಳಿನ ತಗ್ಗು ಇರುವಲ್ಲಿ ಒಟ್ಟುಗೂಡಿ ಹಳ್ಳದಂತೆ ಕಡಲಿನ ಕಡೆ ಹರಿಯುತ್ತದೆ. ಕಾಲುವೆಯ ತೂಬು ತೆರೆದಾಗ ನೀರು ಒಂದೇ ಕಡೆ ನುಗ್ಗುವುದನ್ನು ಕಂಡ ನವಲಗುಂದದ ರೈತರ ಮಕ್ಕಳಿಗೆ ಇದು ಅರ್ಥವಾಗದ ಸಂಗತಿಯಲ್ಲ. ಮೋಸವೇನೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಬದಿಗೆ ಬಿಳಿನೊರೆ ಇದ್ದು ನಡುವೆ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಮಕ್ಕಳು ಅಲೆ ಇಲ್ಲವೆಂದು ಅಲ್ಲಿಯೇ ಇಳಿಯುತ್ತಾರೆ. ಗಂಗಾವಳಿಯಂಥ ನದಿ ಸಮುದ್ರ ಸೇರುವ ಬಾಯಿಯಲ್ಲಿ, ಕಲ್ಲುಬಂಡೆಗಳ ಮಗ್ಗುಲಿನಲ್ಲಿ ಸೆಳವು ಇನ್ನೂ ಹೆಚ್ಚು. ಇಳಿತದ ಹೊತ್ತಿನಲ್ಲಿ ನದಿಯ ಬಾಯಿಗೆ ಇಳಿಯುವುದು ಆತ್ಮಹತ್ಯೆಗೆ ಸಮ.

ಸೆಳವಿಗೆ ಸಿಕ್ಕವರು ದಂಡೆಯ ಕಡೆಗೆ ನೇರ ಈಜಲು ಹೋಗಿ ಸೋಲುತ್ತಾರೆ. ಒಳ್ಳೆಯ ಈಜುಗಾರನೂ ಅದನ್ನು ಎದುರಿಸಿ ಗೆಲ್ಲುವುದು ಕಷ್ಟ. ಸೆಳವಿನ ಅಗಲ ಹೆಚ್ಚಿರುವುದಿಲ್ಲವಾದ್ದರಿಂದ ದಂಡೆಗೆ ಸಮಾನಾಂತರವಾಗಿ ಬದಿಗೆ ಈಜಿ, ಅದರಿಂದ ಹೊರಬಿದ್ದು, ನಂತರ ಅಲೆಯೊಡನೆ ದಂಡೆಗೆ ಬರಬೇಕು. ಈಜು ಬಾರದವರು ತೇಲಲು ಯತ್ನಿಸುತ್ತ ಕೈಯೆತ್ತಿ ಕೂಗಬೇಕು. ನೋಡಿದವರು ಹಿಂದೆಯೇ ಧುಮುಕದೆ ಹಗ್ಗ, ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು, ಏನಿದ್ದರೆ ಅದನ್ನು ಎಸೆದು ಜೀವರಕ್ಷಕರನ್ನು ಕರೆಯಬೇಕು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಗಳು ಪತ್ರಿಕೆಯಲ್ಲಿ ಬರುತ್ತಲೇ ಇವೆ.

ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ತಂದೆತಾಯಿ ಮೂರು ಮಾತು ಕೇಳಬಹುದು: ಆ ದಿನ ತಿಥಿ ಯಾವುದು? ನೀರಿಗೆ ಇಳಿಸುವುದು ಜೀವರಕ್ಷಕರಿರುವ ಜಾಗದಲ್ಲಿಯೋ? ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು ದಂಡೆಯ ಮೇಲೆಯೇ ನಿಂತು ನೋಡುತ್ತಾರೆ? ಇದನ್ನು ಕೇಳಿದರೆ ಯಾವ ಶಿಕ್ಷಕರೂ ಬೇಸರ ಪಡಬಾರದು. ಉತ್ತರ ಗೊತ್ತಿಲ್ಲದಿದ್ದರೆ ಅಂಥ ಪ್ರವಾಸ ಬೇಡವೇ ಬೇಡ.

ಹೋಗುವುದಾದರೆ ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ. ಮಾರ್ಚಿನ ನಂತರ ಸೆಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ದೋಣಿಗಳನ್ನು ದಡಕ್ಕೆಳೆದು ಮಡಲು ಮುಚ್ಚಿರುತ್ತಾರೆ. ಘಟ್ಟದ ರಸ್ತೆಯೂ ಆಗ ನಂಬುವಂಥದ್ದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ವಾಹನಗಳು ಜನಸಮೇತ ಗಂಗಾವಳಿಗೆ ತಳ್ಳಿಹೋದದ್ದು ಎಲ್ಲರಿಗೂ ನೆನಪಿದೆ. ಕಲಘಟಗಿಯಲ್ಲಿ ಬತ್ತದ ಗದ್ದೆ ತುಂಬಿ ಹಳ್ಳಗಳು ಹರಿಯತೊಡಗಿದರೆ ಗೋಕರ್ಣದ ಬಳಿ ನದಿಯ ಬಾಯಿ ಕೆಂಪಾಗುತ್ತದೆ. ಆ ಹೊತ್ತಿಗೆ ತಾಡಪತ್ರಿಯೂ ಗೊಬ್ಬರದ ಚೀಲಗಳೂ ಹೊಲದ ಕೆಲಸಕ್ಕೆ ಮರಳಿರುತ್ತವೆ.